ಇಂಗ್ಲಿಷಿನಲ್ಲಿ 'ಹೂ' ಎಲ್ಲಿ, 'ಹೂಮ್' ಎಲ್ಲಿ? ಕನ್ನಡದ ವಿಭಕ್ತಿ ಹಿಡಿದು ಕಲಿಯುವ ದಾರಿ

ಈ ಪ್ರಶ್ನೆ ಬರುತ್ತಲೇ ಇದೆ. ಆಫೀಸಿನ ಮೇಲ್ ಬರೆಯುವಾಗ ಅನುಮಾನ ಬಂದವರು ಕೇಳುತ್ತಾರೆ, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು ಕೇಳುತ್ತಾರೆ, ಮಕ್ಕಳ ಹೋಮ್‌ವರ್ಕ್ ನೋಡುವ ಅಪ್ಪ ಅಮ್ಮಂದಿರು ಕೇಳುತ್ತಾರೆ. 'ಹೂ' ಬರೆಯಬೇಕಾ, 'ಹೂಮ್' ಬರೆಯಬೇಕಾ? ಎರಡಕ್ಕೂ ಅರ್ಥ ಒಂದೇ ಅಲ್ವಾ?

ಅಲ್ಲ. 'ಹೂ' ಅಂದರೆ ಯಾರು. 'ಹೂಮ್' ಅಂದರೆ ಯಾರನ್ನು ಅಥವಾ ಯಾರಿಗೆ. ಚಿಕ್ಕ ಉತ್ತರ ಇಷ್ಟೇ.

ಹಾಗೆ ನೋಡಿದರೆ ಕನ್ನಡದವರಿಗೆ ಇದು ಸುಲಭ ಆಗಬೇಕು. ಇಂಗ್ಲಿಷ್ ಮನೆಮಾತಾಗಿರುವವರೇ ಇಲ್ಲಿ ತಡವರಿಸುತ್ತಾರೆ, ಯಾಕೆಂದರೆ ಅವರ ಭಾಷೆಯಲ್ಲಿ ವಿಭಕ್ತಿಗಳು ಬಹುಪಾಲು ಸವೆದುಹೋಗಿವೆ. ನಮಗೆ ಹಾಗಲ್ಲ, 'ಯಾರು ಕರೆದರು' ಮತ್ತು 'ಯಾರನ್ನು ಕರೆದರು' ಎರಡನ್ನೂ ಮೂರು ವರ್ಷದ ಮಗು ಕೂಡ ಅದಲುಬದಲು ಮಾಡುವುದಿಲ್ಲ. ಆದರೆ ಕೆಲವು ಕಡೆ ಅದೇ ಕನ್ನಡ ನಮ್ಮನ್ನು ತಪ್ಪು ದಾರಿಗೆ ಕರೆದುಕೊಂಡು ಹೋಗುತ್ತದೆ. ಆ ಜಾಗಗಳನ್ನು ಇಂಗ್ಲಿಷ್ ವ್ಯಾಕರಣದ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ, ಅವು ಕನ್ನಡ ಮಾತಾಡುವವರಿಗಾಗಿಯೇ ಬರೆದವಲ್ಲ. ಅದಕ್ಕೇ ಇಲ್ಲಿ ಎರಡನೇ ಹಂತ ಉದ್ದವಾಗಿದೆ. ಅದನ್ನು ಹಾರಿಸಿಕೊಂಡು ಹೋಗಬೇಡಿ.

ಶುರು ಮಾಡುವ ಮೊದಲು

ಬೇಕಾದದ್ದು ಎರಡೇ. ಒಂದು, ಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳು: ಉ, ಅನ್ನು, ಇಂದ, ಗೆ... ಪೂರ್ತಿ ಪಟ್ಟಿ ಮರೆತಿದ್ದರೂ ತೊಂದರೆ ಇಲ್ಲ, ಪದದ ಬಾಲ ಗುರುತಿಸಿದರೆ ಸಾಕು. ಇನ್ನೊಂದು, ಇಂಗ್ಲಿಷಿನ ಈ ಜೋಡಿಗಳು: 'ಹಿ' ಮತ್ತು 'ಹಿಮ್', 'ದೇ' ಮತ್ತು 'ದೆಮ್'. 'ಹಿ' ಅಂದರೆ ಅವನು. 'ಹಿಮ್' ಅಂದರೆ ಅವನನ್ನು, ಅವನಿಗೆ.

'ಹಿಮ್', 'ದೆಮ್', 'ಹೂಮ್' ಮೂರೂ 'ಎಮ್' ಅಕ್ಷರದಲ್ಲಿ ಮುಗಿಯುತ್ತವೆ. ಇದು ಆಕಸ್ಮಿಕ ಅಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ 'ಹ್ವಾ' ಅಂದರೆ ಯಾರು, 'ಹ್ವೋನೆ' ಅಂದರೆ ಯಾರನ್ನು, 'ಹ್ವಾಮ್' ಅಂದರೆ ಯಾರಿಗೆ ಎಂದು ಮೂರು ಬೇರೆ ರೂಪಗಳಿದ್ದವು. ಬರಬರುತ್ತಾ ನಡುವಿನದು ಬಿದ್ದುಹೋಯಿತು, 'ಯಾರಿಗೆ' ರೂಪವೇ ಅದರ ಕೆಲಸವನ್ನೂ ವಹಿಸಿಕೊಂಡಿತು. ಕನ್ನಡದ ಎರಡು ರೂಪಕ್ಕೆ ಇಂಗ್ಲಿಷಿನಲ್ಲಿ ಒಂದೇ 'ಹೂಮ್' ಇರುವುದು ಇದರಿಂದ.

ಉಚ್ಚಾರಣೆ ಬಗ್ಗೆ ಒಂದು ಮಾತು. ಎರಡೂ ಪದಗಳಲ್ಲಿ ಮೊದಲ ಅಕ್ಷರ 'ಡಬ್ಲ್ಯು' ಬರೀ ಬರವಣಿಗೆಗೆ. 'ವೂ', 'ವೂಮ್' ಅನ್ನಬೇಡಿ.

ಹಂತ 1: ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ಬಾಲ ನೋಡಿ

ಮೊದಲು ಮನಸ್ಸಿನಲ್ಲೇ ಕನ್ನಡದಲ್ಲಿ ಕೇಳಿಕೊಳ್ಳಿ. ಬಾಲವಿಲ್ಲದ 'ಯಾರು' ಬಂದರೆ 'ಹೂ'. 'ಯಾರನ್ನು', 'ಯಾರಿಗೆ', 'ಯಾರ ಜೊತೆ', 'ಯಾರ ಬಗ್ಗೆ' ಬಂದರೆ 'ಹೂಮ್'.

ಯಾರು ಫೋನ್ ಮಾಡಿದರು? "ಹೂ ಕಾಲ್ಡ್?"
ಮದುವೆಗೆ ಯಾರನ್ನು ಕರೆದಿರಿ? "ಹೂಮ್ ಡಿಡ್ ಯು ಇನ್ವೈಟ್?"
ಬೀಗದ ಕೈ ಯಾರಿಗೆ ಕೊಟ್ಟಿರಿ? "ಟು ಹೂಮ್ ಡಿಡ್ ಯು ಗಿವ್ ದ ಕೀ?"
ಯಾರ ಜೊತೆ ಮೈಸೂರಿಗೆ ಹೋದಿರಿ? "ವಿತ್ ಹೂಮ್ ಡಿಡ್ ಯು ಗೋ ಟು ಮೈಸೂರು?"

ಬೆಂಗಳೂರಿನ ಆಡುಮಾತಿನಲ್ಲಿ 'ಯಾರನ್ನು' ಅನ್ನುವುದು 'ಯಾರ್ನ' ಆಗುತ್ತದೆ. ಆ 'ನ' ಕಿವಿಗೆ ಬಿದ್ದರೆ ಸಾಕು, ಅದು 'ಹೂಮ್'. 'ಯಾರ ಮನೆ', 'ಯಾರ ಗಾಡಿ' ಎಂದು ಒಡೆತನ ಹೇಳುವ 'ಯಾರ' ಮಾತ್ರ ಬೇರೆ, ಅದಕ್ಕೆ 'ಹೂಸ್'.

ಇಂಗ್ಲಿಷ್ ವಾಕ್ಯದ ಒಳಗೂ ಒಂದು ಸುಳಿವು ಇದೆ. ಪ್ರಶ್ನೆಯಲ್ಲಿ 'ಡು', 'ಡಸ್', 'ಡಿಡ್' ಆದ ತಕ್ಷಣ ಬೇರೆ ಕರ್ತೃ, ಅಂದರೆ 'ಯು', 'ದೇ', 'ರಮೇಶ್' ತರಹದ ಪದ ಬಂದಿದ್ದರೆ, ಕೆಲಸ ಮಾಡುವವರ ಜಾಗ ಆಗಲೇ ತುಂಬಿದೆ. ಉಳಿದದ್ದು ಹೆಚ್ಚಾಗಿ 'ಹೂಮ್'. ಹೆಚ್ಚಾಗಿ ಎಂದಿದ್ದೇನೆ, ಯಾವಾಗಲೂ ಎಂದಿಲ್ಲ. ಐದನೇ ಹಂತದಲ್ಲಿ ಕಾರಣ ಗೊತ್ತಾಗುತ್ತದೆ.

ಹಂತ 2: ಕನ್ನಡ ಕೈಕೊಡುವ ಜಾಗಗಳನ್ನು ಗುರುತಿಸಿ

ಈಗ ಈ ಪ್ರಶ್ನೆ ನೋಡಿ: ಯಾರಿಗೆ ಗೊತ್ತು?

ಮೊದಲ ಹಂತದ ಪ್ರಕಾರ 'ಯಾರಿಗೆ' ಇದೆ, ಹಾಗಾಗಿ 'ಹೂಮ್' ಹಾಕಬೇಕು. ಆದರೆ ಇಂಗ್ಲಿಷಿನಲ್ಲಿ ಅದು "ಹೂ ನೋಸ್?". ಇಲ್ಲಿ 'ಹೂಮ್' ಹಾಕಿದರೆ ತಪ್ಪೇ.

ಯಾಕೆ ಹೀಗೆ? ಗೊತ್ತಿರುವುದು, ಬೇಕಾಗುವುದು, ಇಷ್ಟವಾಗುವುದು, ಹಸಿವು, ಜ್ವರ, ಸಿಟ್ಟು, ಇವೆಲ್ಲ ಕನ್ನಡದಲ್ಲಿ ನಾವು ಮಾಡುವ ಕೆಲಸಗಳಲ್ಲ, ನಮಗೆ ಆಗುವ ಅನುಭವಗಳು. 'ನಾನು ಹಸಿವು' ಎಂದು ಯಾರೂ ಹೇಳುವುದಿಲ್ಲ, 'ನನಗೆ ಹಸಿವು' ಅನ್ನುತ್ತೇವೆ. ಇಂಗ್ಲಿಷ್ ಅದೇ ಅನುಭವವನ್ನು ಕೆಲಸದ ಹಾಗೆ ಹೇಳುತ್ತದೆ, ಅನುಭವಿಸುವವರನ್ನು ಕರ್ತೃವಿನ ಜಾಗದಲ್ಲಿ ಕೂರಿಸುತ್ತದೆ. ಹಾಗಾಗಿ:

ಯಾರಿಗೆ ಕಾಫಿ ಇಷ್ಟ? "ಹೂ ಲೈಕ್ಸ್ ಕಾಫಿ?"
ಯಾರಿಗೆ ಜ್ವರ ಬಂದಿದೆ? "ಹೂ ಹ್ಯಾಸ್ ಅ ಫೀವರ್?"
ಯಾರಿಗೆ ಕನ್ನಡ ಬರುತ್ತದೆ? "ಹೂ ನೋಸ್ ಕನ್ನಡ?"
ಯಾರ ಹತ್ತಿರ ಚಿಲ್ಲರೆ ಇದೆ? "ಹೂ ಹ್ಯಾಸ್ ಚೇಂಜ್?"
ಇದು ಯಾರಿಂದ ಆಗುತ್ತದೆ? "ಹೂ ಕ್ಯಾನ್ ಡು ದಿಸ್?"

'ಗೆ', 'ಹತ್ತಿರ', 'ಇಂದ' ಎಲ್ಲ ಇದ್ದರೂ ಐದಕ್ಕೆ ಐದೂ 'ಹೂ'.

ಇದರ ಉಲ್ಟಾ ಕೂಡ ಇದೆ. ಜಾಸ್ತಿ ಜನ ಗಮನಿಸದೇ ಇರುವುದು ಇದನ್ನೇ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯುರಿಟಿಯವರು "ಯಾರು ಬೇಕಾಗಿತ್ತು ಸಾರ್?" ಅಂತ ಕೇಳುತ್ತಾರಲ್ಲ, ಅಲ್ಲಿ ಬಾಲವಿಲ್ಲದ 'ಯಾರು' ಇದೆ. ಆದರೆ ಇಂಗ್ಲಿಷಿನಲ್ಲಿ "ಹೂಮ್ ಡು ಯು ವಾಂಟ್ ಟು ಮೀಟ್?". ಬೇಕಾಗಿರುವುದು ನಿಮಗೆ, ಆದ್ದರಿಂದ ಇಂಗ್ಲಿಷಿನಲ್ಲಿ ಕರ್ತೃ ನೀವು. ಇದೇ ಥರದ ಇನ್ನೆರಡು:

ಆ ಆಫೀಸಿನಲ್ಲಿ ನಿಮಗೆ ಯಾರು ಗೊತ್ತು? "ಹೂಮ್ ಡು ಯು ನೋ ಇನ್ ದಟ್ ಆಫೀಸ್?"
ಮೆಜೆಸ್ಟಿಕ್‌ನಲ್ಲಿ ನಿಮಗೆ ಯಾರು ಸಿಕ್ಕಿದರು? "ಹೂಮ್ ಡಿಡ್ ಯು ಮೀಟ್ ಅಟ್ ಮೆಜೆಸ್ಟಿಕ್?"

ಅಂದರೆ 'ಗೊತ್ತು', 'ಬೇಕು', 'ಇಷ್ಟ', 'ಸಿಗು', 'ಕಾಣಿಸು' ಇರುವ ವಾಕ್ಯಗಳಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಕನ್ನಡದ 'ಯಾರಿಗೆ' ಅಲ್ಲಿ 'ಹೂ' ಆಗುತ್ತದೆ, 'ಯಾರು' ಹೋಗಿ 'ಹೂಮ್' ಆಗುತ್ತದೆ. ಈ ಐದು ಕ್ರಿಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳಿ. ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಮೂರನೇ ಜಾಗ ಕರ್ಮಣಿ ಪ್ರಯೋಗ, ಇಂಗ್ಲಿಷಿನವರು ಪ್ಯಾಸಿವ್ ವಾಯ್ಸ್ ಅನ್ನುವುದು, ಅಂದರೆ ಕೆಲಸ ಮಾಡಿದವರನ್ನು ಬಿಟ್ಟು ಕೆಲಸಕ್ಕೆ ಒಳಗಾದವರನ್ನು ಮುಂದಿಟ್ಟು ಹೇಳುವ ರೀತಿ. ನಮ್ಮ ಪತ್ರಿಕೆಗಳಲ್ಲಿ ದಿನಾ ಕಾಣುವ ವಾಕ್ಯ: 'ಅಧ್ಯಕ್ಷರಾಗಿ ಯಾರನ್ನು ಆಯ್ಕೆ ಮಾಡಲಾಗಿದೆ?' ಕನ್ನಡದಲ್ಲಿ 'ಮಾಡಲಾಗಿದೆ' ಬಂದರೂ 'ಅನ್ನು' ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಉಳಿಯುವುದಿಲ್ಲ. ಅಲ್ಲಿ ಆಯ್ಕೆಯಾದವರೇ ವಾಕ್ಯದ ಕರ್ತೃ ಸ್ಥಾನಕ್ಕೆ ಏರುತ್ತಾರೆ. ಹಾಗಾಗಿ "ಹೂ ಹ್ಯಾಸ್ ಬೀನ್ ಸೆಲೆಕ್ಟೆಡ್?". ಆಫೀಸಿನ ಮೇಲ್‌ಗಳಲ್ಲಿ "ಹೂಮ್ ವಾಸ್ ಇನ್ಫಾರ್ಮ್ಡ್?" ಎಂದು ಬರೆಯಲು ಕೈ ಹೋಗುವುದು ಈ 'ಅನ್ನು' ಪ್ರಭಾವದಿಂದಲೇ. "ಹೂ ವಾಸ್ ಇನ್ಫಾರ್ಮ್ಡ್?" ಸರಿ.

ಹಂತ 3: 'ಹಿ' ಅಥವಾ 'ಹಿಮ್' ಹಾಕಿ ಉತ್ತರ ಹೇಳಿ ನೋಡಿ

ಎರಡನೇ ಹಂತದ ಅಪಾಯಗಳೆಲ್ಲ ಇಲ್ಲಿ ಸಿಕ್ಕಿಬೀಳುತ್ತವೆ. ಪ್ರಶ್ನೆಗೆ ಇಂಗ್ಲಿಷಿನಲ್ಲೇ ಒಂದು ಪುಟ್ಟ ಉತ್ತರ ಕೊಡಿ. ಉತ್ತರದಲ್ಲಿ 'ಹಿ' ಬಂದರೆ 'ಹೂ'. 'ಹಿಮ್' ಬಂದರೆ 'ಹೂಮ್'. 'ಎಮ್'ಗೆ 'ಎಮ್' ಜೋಡಿ.

ಗೊತ್ತಿರುವುದು ಯಾರಿಗೆ? "ಹಿ ನೋಸ್." 'ಹಿ' ಬಂತು, 'ಹೂ' ಹಾಕಿ.
ಸಿಕ್ಕಿದ್ದು ಯಾರು? "ಐ ಮೆಟ್ ಹಿಮ್." ಇದು 'ಹೂಮ್'.
ಆಯ್ಕೆಯಾದದ್ದು ಯಾರು? "ಹಿ ವಾಸ್ ಸೆಲೆಕ್ಟೆಡ್." ಮತ್ತೆ 'ಹೂ'.

ಪರೀಕ್ಷೆಗೆ 'ಹಿ', 'ಹಿಮ್' ಅಥವಾ 'ದೇ', 'ದೆಮ್' ಜೋಡಿಯನ್ನೇ ಬಳಸಿ. 'ಯು' ಎರಡೂ ಕಡೆ ಒಂದೇ ರೂಪ, ಅದರಿಂದ ಏನೂ ತಿಳಿಯುವುದಿಲ್ಲ. 'ಹರ್' ಅನ್ನುವುದು ಅವಳನ್ನು ಮತ್ತು ಅವಳ ಎರಡಕ್ಕೂ ಬರುವುದರಿಂದ ಸುಮ್ನೆ ಗೊಂದಲ.

'ಈಸ್', 'ಆರ್', 'ವಾಸ್' ಮಾತ್ರ ಕ್ರಿಯಾಪದವಾಗಿ ನಿಂತು 'ಅವರು ಯಾರು' ಎಂದು ಗುರುತು ಕೇಳುವಾಗ ಪರೀಕ್ಷೆಯೇ ಬೇಡ, ಅಲ್ಲಿ ಯಾವಾಗಲೂ 'ಹೂ'. "ಹೂ ಈಸ್ ದಟ್?", "ಐ ನೋ ಹೂ ಹಿ ಈಸ್." ಮಾತಿನಲ್ಲಿ "ಇಟ್ಸ್ ಹಿಮ್" ಅನ್ನುತ್ತಾರಲ್ಲ ಎಂದು ತಲೆ ಕೆಡಿಸಿಕೊಂಡು ಇಲ್ಲಿ 'ಹೂಮ್' ಹಾಕಬೇಡಿ.

ಹಂತ 4: ವಾಕ್ಯದೊಳಗಿನ ವಾಕ್ಯಕ್ಕೆ 'ಯಾರು... ಓ' ಬಳಸಿ

ಪ್ರಶ್ನೆ ಅಲ್ಲದ ಕಡೆಯೂ ಈ ಪದಗಳು ಬರುತ್ತವೆ. ಒಬ್ಬರ ಬಗ್ಗೆ ಇನ್ನಷ್ಟು ವಿವರ ಕೊಡುವ ಚಿಕ್ಕ ವಾಕ್ಯ ದೊಡ್ಡ ವಾಕ್ಯದೊಳಗೆ ಸೇರಿಕೊಳ್ಳುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಕ್ಲಾಜ್ ಅನ್ನುತ್ತಾರೆ, ತನ್ನದೇ ಕ್ರಿಯಾಪದ ಇರುವ ಉಪವಾಕ್ಯ.

ಇಲ್ಲಿ ಕನ್ನಡದವರಿಗೆ ಬರುವ ತೊಂದರೆ ಏನೆಂದರೆ, ನಾವು 'ನಾವು ಆರಿಸಿದ ಬಾಡಿಗೆದಾರ', 'ಅಡ್ವಾನ್ಸ್ ಕೊಟ್ಟ ಬಾಡಿಗೆದಾರ' ಅಂತ ಹೇಳಿ ಮುಗಿಸುತ್ತೇವೆ. ಅಲ್ಲಿ 'ಯಾರು' ಪದವೇ ಇಲ್ಲ, ಬಾಲ ಎಲ್ಲಿ ನೋಡುವುದು? ಆದರೆ ಕನ್ನಡದಲ್ಲಿ ಇನ್ನೊಂದು ರೀತಿ ಇದೆ, ಸ್ವಲ್ಪ ಉದ್ದ, ಆದರೆ ಈ ಕೆಲಸಕ್ಕೆ ಬಹಳ ಒಳ್ಳೆಯದು:

'ಅಡ್ವಾನ್ಸ್ ಕೊಟ್ಟ ಬಾಡಿಗೆದಾರ' ಅಂದರೆ ಯಾರು ಅಡ್ವಾನ್ಸ್ ಕೊಟ್ಟರೋ ಆ ಬಾಡಿಗೆದಾರ. "ದ ಟೆನೆಂಟ್ ಹೂ ಪೇಯ್ಡ್ ದ ಅಡ್ವಾನ್ಸ್."
'ನಾವು ಆರಿಸಿದ ಬಾಡಿಗೆದಾರ' ಅಂದರೆ ಯಾರನ್ನು ನಾವು ಆರಿಸಿದೆವೋ ಆ ಬಾಡಿಗೆದಾರ. "ದ ಟೆನೆಂಟ್ ಹೂಮ್ ವಿ ಚೋಸ್."

ಹೀಗೆ ಬಿಡಿಸಿದ ತಕ್ಷಣ ಬಾಲ ಕಣ್ಣಿಗೆ ಕಾಣುತ್ತದೆ. ಆಮೇಲೆ ಮೂರನೇ ಹಂತದ 'ಹಿ', 'ಹಿಮ್' ಪರೀಕ್ಷೆ ಮಾಡಿ: "ಹಿ ಪೇಯ್ಡ್", "ವಿ ಚೋಸ್ ಹಿಮ್".

ಒಂದು ತಪ್ಪು ಇಲ್ಲಿ ಸಾಮಾನ್ಯ. ಇಡೀ ವಾಕ್ಯದಲ್ಲಿ ಬಾಡಿಗೆದಾರನ ಪಾತ್ರ ಏನು ಎಂದು ನೋಡಬೇಡಿ, ಒಳಗಿನ ಚಿಕ್ಕ ವಾಕ್ಯದಲ್ಲಿ ಏನು ಅಂತ ಮಾತ್ರ ನೋಡಿ. "ಐ ಮೆಟ್ ದ ಟೆನೆಂಟ್ ಹೂ ಪೇಯ್ಡ್ ದ ಅಡ್ವಾನ್ಸ್" ಎನ್ನುವಾಗ ನಾನು ಭೇಟಿಯಾದದ್ದು ಅವರನ್ನೇ, ಆದರೂ 'ಹೂ', ಯಾಕೆಂದರೆ ಒಳಗಿನ ವಾಕ್ಯದಲ್ಲಿ ಕೊಟ್ಟವರು ಅವರು.

"ದ ಟೆನೆಂಟ್ ವಿ ಚೋಸ್" ಎಂದು 'ಹೂಮ್' ಅನ್ನು ಪೂರ್ತಿ ಬಿಟ್ಟುಬಿಟ್ಟರೂ ವಾಕ್ಯ ಸರಿ. ನಿಜ ಹೇಳಬೇಕೆಂದರೆ ಓದಲು ಹಗುರ ಕೂಡ. ಆದರೆ ಉಪವಾಕ್ಯಕ್ಕೆ ಮೊದಲು ಅಲ್ಪವಿರಾಮ ಇದ್ದರೆ ಬಿಡುವಂತಿಲ್ಲ.

ಹಂತ 5: 'ಐ ಥಿಂಕ್' ಅನ್ನು ಹೊಡೆದುಹಾಕಿ

ಚೆನ್ನಾಗಿ ಇಂಗ್ಲಿಷ್ ಬಲ್ಲವರೂ ಎಡವುವ ಜಾಗ ಇದು. 'ಐ ಥಿಂಕ್', 'ವಿ ಬಿಲೀವ್', 'ದೇ ಸೇ', 'ಡು ಯು ಥಿಂಕ್' ಇವೆಲ್ಲ ನಡುವೆ ತೂರಿಕೊಂಡು ಬರುತ್ತವೆ. ಅವುಗಳ ಮೇಲೆ ಪೆನ್ಸಿಲ್ ಗೆರೆ ಎಳೆದು, ಉಳಿದದ್ದನ್ನು ಓದಿ.

"ಹೂ ಡು ಯು ಥಿಂಕ್ ವಿಲ್ ವಿನ್?" ನಡುವಿನದು ತೆಗೆದರೆ "ಹೂ ವಿಲ್ ವಿನ್?". ಉತ್ತರ "ಹಿ ವಿಲ್ ವಿನ್". ಹಾಗಾಗಿ 'ಹೂ' ಸರಿ.
"ಹೂಮ್ ಡು ಯು ಥಿಂಕ್ ದೇ ವಿಲ್ ಸೆಲೆಕ್ಟ್?" ಉತ್ತರ "ದೇ ವಿಲ್ ಸೆಲೆಕ್ಟ್ ಹಿಮ್". ಇಲ್ಲಿ 'ಹೂಮ್'.

ಮೊದಲನೆಯದರಲ್ಲಿ 'ಡು ಯು' ಇದ್ದರೂ 'ಹೂ' ಬಂತು ನೋಡಿ. ಮೊದಲ ಹಂತದಲ್ಲಿ 'ಹೆಚ್ಚಾಗಿ' ಅಂದದ್ದು ಇದಕ್ಕೇ. ಕನ್ನಡದಲ್ಲಿ ಕೇಳಿಕೊಂಡರೂ ದಾರಿ ಸಿಗುತ್ತದೆ: 'ಯಾರು ಗೆಲ್ಲುತ್ತಾರೆ ಅನ್ಸುತ್ತೆ?', 'ಯಾರನ್ನು ಆರಿಸುತ್ತಾರೆ ಅನ್ಸುತ್ತೆ?' ಈ ವಿಷಯದಲ್ಲಿ ಕನ್ನಡ ನಂಬಿಕಸ್ಥ.

ಒಂದು ಎಚ್ಚರಿಕೆ. ಮುಂದಿನ ಕ್ರಿಯಾಪದದ ಹಿಂದೆ 'ಟು' ಇದ್ದರೆ ಕಥೆ ಬದಲಾಗುತ್ತದೆ. "ದ ಮ್ಯಾನ್ ಹೂ ವಿ ಬಿಲೀವ್ ಈಸ್ ಆನೆಸ್ಟ್" ಸರಿ, "ದ ಮ್ಯಾನ್ ಹೂಮ್ ವಿ ಬಿಲೀವ್ ಟು ಬಿ ಆನೆಸ್ಟ್" ಕೂಡ ಸರಿ. ಎರಡನೆಯದರಲ್ಲಿ "ವಿ ಬಿಲೀವ್ ಹಿಮ್ ಟು ಬಿ ಆನೆಸ್ಟ್" ಎಂದೇ ಹೇಳಬೇಕಾಗುತ್ತದೆ, ಅದಕ್ಕೆ 'ಹೂಮ್'.

ಹಂತ 6: 'ಟು', 'ವಿತ್', 'ಆಫ್' ಹಿಂದೆಯೇ ಬಂದರೆ

ಇವನ್ನು ಪ್ರಿಪೊಸಿಷನ್ ಅನ್ನುತ್ತಾರೆ. ನಾವು ಪದದ ಕೊನೆಗೆ ಅಂಟಿಸುವ 'ಗೆ', 'ಇಂದ', 'ಜೊತೆ' ಥರದ ಕೆಲಸವನ್ನು ಇಂಗ್ಲಿಷಿನಲ್ಲಿ ಪದದ ಮುಂಚೆಯೇ ನಿಂತು ಮಾಡುವ ಪದಗಳು ಇವು. ಇವು ಹತ್ತಿರದಲ್ಲೇ ನಿಂತಿದ್ದರೆ 'ಹೂಮ್': 'ಟು ಹೂಮ್', 'ಫಾರ್ ಹೂಮ್', 'ಫ್ರಮ್ ಹೂಮ್'. 'ಟು ಹೂ' ಬರೆಯಬೇಡಿ. ಸರ್ಟಿಫಿಕೇಟುಗಳ ತಲೆಬರಹದಲ್ಲಿ ಕಾಣುವ "ಟು ಹೂಮ್ ಇಟ್ ಮೇ ಕನ್ಸರ್ನ್" ಇದೇ ಲೆಕ್ಕದ್ದು, ಇದು ಯಾರಿಗೆ ಸಂಬಂಧಿಸಿದೆಯೋ ಅವರಿಗೆ ಎಂದು. ಹೆಸರು ಗೊತ್ತಿರುವವರಿಗೆ ಬರೆಯುವ ಪತ್ರಕ್ಕೆ ಇದನ್ನು ಹಾಕಬೇಡಿ, ಹೆಸರೇ ಬರೆಯಿರಿ.

ಗುಂಪಿನಲ್ಲಿ ಕೆಲವರು ಎನ್ನುವಾಗಲೂ 'ಹೂಮ್': "ವಿ ಆರ್ ಟ್ವೆಲ್ವ್ ಇನ್ ದ ಟೀಮ್, ಸಿಕ್ಸ್ ಆಫ್ ಹೂಮ್ ಆರ್ ಫ್ರಮ್ ಹಾಸನ." ಅಲ್ಪವಿರಾಮ ಮರೆಯಬೇಡಿ. ಜನರ ಬದಲು ವಸ್ತುಗಳಾದರೆ 'ಆಫ್ ವಿಚ್'.

'ಟು' ಅನ್ನು ಮುಂದೆಯೂ ಹಾಕಿ ಹಿಂದೆಯೂ ಹಾಕುವ ತಪ್ಪು ಬಹಳ ಕಾಣುತ್ತದೆ. "ಟು ಹೂಮ್ ಡಿಡ್ ಯು ಸ್ಪೀಕ್ ಟು?" ಬೇಡ, ಒಂದು ಕಡೆ ಸಾಕು.

ಇನ್ನು ಪರೀಕ್ಷೆಗಳಲ್ಲಿ ಕಾಡುವ ಒಂದು ಕಟ್ಟು. "ಗಿವ್ ಇಟ್ ಟು ಹೂಎವರ್ ಆಸ್ಕ್ಸ್." 'ಟು' ಇದೆಯಲ್ಲ, 'ಹೂಮೆವರ್' ಆಗಬೇಡವೇ? ಬೇಡ. ಕನ್ನಡದಲ್ಲಿ ಹೇಳಿ ನೋಡಿ: ಯಾರು ಕೇಳುತ್ತಾರೋ ಅವರಿಗೆ ಕೊಡು. 'ಗೆ' ಅಂಟಿರುವುದು 'ಅವರು' ಪದಕ್ಕೆ, 'ಯಾರು' ಹಾಗೇ ಇದೆ. ಹಾಗೆಯೇ "ಇಟ್ ಡಿಪೆಂಡ್ಸ್ ಆನ್ ಹೂ ಕಮ್ಸ್", ಯಾರು ಬರುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಪ್ರತ್ಯಯ 'ಅನ್ನುವುದು' ಮೇಲೆ ಬಿತ್ತು. 'ಟು', 'ಆನ್' ಇಡೀ ಉಪವಾಕ್ಯಕ್ಕೆ ಸೇರಿದ್ದು, ಆ ಒಂದು ಪದಕ್ಕಲ್ಲ. ಹೋಲಿಕೆಗೆ ಇದನ್ನೂ ನೋಡಿ: "ಇನ್ವೈಟ್ ಹೂಮೆವರ್ ಯು ಲೈಕ್." "ಯು ಲೈಕ್ ಹಿಮ್", ಆದ್ದರಿಂದ ಇಲ್ಲಿ 'ಎಮ್' ಬೇಕು.

ಹಂತ 7: ಎಲ್ಲಿ ಬಿಡಬಹುದು ಅಂತ ತೀರ್ಮಾನಿಸಿ

ಮಾತಿನಲ್ಲಿ 'ಹೂಮ್' ಕಡಿಮೆಯಾಗುತ್ತಾ ಬಂದಿದೆ. ಅಮೆರಿಕದ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ 1921ರಲ್ಲೇ, ಇನ್ನು ಇನ್ನೂರು ವರ್ಷದೊಳಗೆ ಇದು ಪ್ರಶ್ನೆಯ ಮಾತಿನಿಂದ ಮರೆಯಾಗುತ್ತದೆ ಅಂತ ಅಂದಾಜು ಮಾಡಿದ್ದರು. ಕ್ಯಾಂಟೀನಿನಲ್ಲಿ, ಫೋನಿನಲ್ಲಿ, ವಾಟ್ಸ್ಆ್ಯಪಿನಲ್ಲಿ "ಹೂ ಡಿಡ್ ಯು ಮೀಟ್?", "ಹೂ ಆರ್ ಯು ಟಾಕಿಂಗ್ ಟು?" ಎಂದರೆ ಯಾರೂ ತಪ್ಪು ಎನ್ನುವುದಿಲ್ಲ, ಇಂಗ್ಲಿಷ್ ಮನೆಮಾತಿನವರೂ ಹಾಗೇ ಅನ್ನುತ್ತಾರೆ.

ಆದರೆ ಪರೀಕ್ಷೆ, ಕೆಲಸದ ಅರ್ಜಿ, ವಕೀಲರಿಗೆ ಅಥವಾ ಸರ್ಕಾರಿ ಕಚೇರಿಗೆ ಬರೆಯುವ ಪತ್ರ, ಇಲ್ಲೆಲ್ಲ ನಿಯಮದ ಪ್ರಕಾರ ಬರೆಯಿರಿ. ಬ್ಯಾಂಕ್ ಪರೀಕ್ಷೆಯಲ್ಲಿ ತಪ್ಪು ಹುಡುಕುವ ಪ್ರಶ್ನೆಗೆ 'ಮಾತಿನಲ್ಲಿ ನಡೆಯುತ್ತದೆ' ಅನ್ನುವ ವಾದ ನಡೆಯುವುದಿಲ್ಲ.

ಎಷ್ಟು ಯೋಚಿಸಿದರೂ ತಿಳಿಯದಿದ್ದರೆ 'ಹೂ' ಬರೆಯಿರಿ. 'ಹೂಮ್' ಬರಬೇಕಾದ ಕಡೆ 'ಹೂ' ಬಂದರೆ ಓದುವವರು ಗಮನಿಸದೇ ಮುಂದೆ ಹೋಗಬಹುದು. 'ಹೂ' ಇರಬೇಕಾದ ಕಡೆ ದೊಡ್ಡದಾಗಿ ಕೇಳಲಿ ಅಂತ 'ಹೂಮ್' ಹಾಕಿದರೆ, "ಹೂಮ್ ಈಸ್ ಕಾಲಿಂಗ್?" ಥರ, ಅದು ಕಣ್ಣಿಗೆ ಹೊಡೆಯುತ್ತದೆ.

ಈಗ ನೀವೇ ಮಾಡಿ ನೋಡಿ

ಕೆಳಗಿನ ಉತ್ತರ ಮುಚ್ಚಿಕೊಂಡು ಇವನ್ನು ಇಂಗ್ಲಿಷಿಗೆ ತನ್ನಿ.

1. ಯಾರಿಗೆ ಇನ್ನೊಂದು ದೋಸೆ ಬೇಕು?
2. ಕಬ್ಬನ್ ಪಾರ್ಕಿನಲ್ಲಿ ನಿಮಗೆ ಯಾರು ಸಿಕ್ಕಿದರು?
3. ಯಾರನ್ನು ವರ್ಗಾವಣೆ ಮಾಡಲಾಯಿತು?
4. ನಾವು ಕೆಲಸಕ್ಕೆ ತೆಗೆದುಕೊಂಡ ಹುಡುಗಿ ಇವಳೇ.
5. ಯಾರು ಮೊದಲು ಬರುತ್ತಾರೋ ಅವರಿಗೆ ಸೀಟು ಕೊಡಿ.
6. ಓನರ್ ಅಂತ ನಾವು ಅಂದುಕೊಂಡವರು ಬ್ರೋಕರ್ ಆಗಿದ್ದರು.

ಉತ್ತರಗಳು:

1. "ಹೂ ವಾಂಟ್ಸ್ ಅನದರ್ ದೋಸೆ?"
2. "ಹೂಮ್ ಡಿಡ್ ಯು ಮೀಟ್ ಇನ್ ಕಬ್ಬನ್ ಪಾರ್ಕ್?"
3. "ಹೂ ವಾಸ್ ಟ್ರಾನ್ಸ್‌ಫರ್ಡ್?" 'ಮಾಡಲಾಯಿತು' ಕಂಡ ತಕ್ಷಣ 'ಅನ್ನು' ಮರೆತುಬಿಡಿ.
4. "ದಿಸ್ ಈಸ್ ದ ಗರ್ಲ್ ಹೂಮ್ ವಿ ಹೈರ್ಡ್." 'ಹೂಮ್' ಬಿಟ್ಟರೂ ಸರಿ.
5. "ಗಿವ್ ದ ಸೀಟ್ ಟು ಹೂಎವರ್ ಕಮ್ಸ್ ಫಸ್ಟ್."
6. "ದ ಮ್ಯಾನ್ ಹೂ ವಿ ಥಾಟ್ ವಾಸ್ ದ ಓನರ್ ವಾಸ್ ಅ ಬ್ರೋಕರ್." 'ವಿ ಥಾಟ್' ಹೊಡೆದುಹಾಕಿದರೆ ಒಳಗೆ ಉಳಿಯುವುದು "ಹಿ ವಾಸ್ ದ ಓನರ್". ಇಲ್ಲಿ 'ಹೂಮ್' ಬರೆದಿದ್ದರೆ ಐದನೇ ಹಂತವನ್ನು ಇನ್ನೊಮ್ಮೆ ಓದಿ.